ಕ್ಲಚ್ಚಿನ ಸ್ಪ್ರಿಂಗ್ ನನ್ನದು

ಅಕ್ಕಾ,

ಗಡಿ ದಾಟಿ ಸ್ವೀಡನ್ನಿನ ಈ ಹಿಮಗಾಡಿ ರೇಸಿನ ಊರಿಗೆ ಬಂದಿದ್ದೇವೆ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ನಮ್ಮ ತಮ್ಮ ಮಿಕ್ಕಾಲನ ಸ್ನೋಮೊಬೈಲಿಗೆ ಹೊಸ ಸೈಲೆನ್ಸರ್ ಕೂರಿಸಿ, ಅದಕ್ಕೆ ತಕ್ಕ ಹಾಗೆ ಕ್ಲಚ್ಚಿನ ಸ್ಪ್ರಿಂಗ್, ತೂಕ ಎಲ್ಲ ಹೊಂದಿಸಲು ಹಿಮಸಾರಂಗ ಕಾಯುವ ಕೆಲಸ ಬಿಟ್ಟು ಮೂರು ವಾರ ಕೂತವಳು ನಾನು, ನಿನಗೇ ಗೊತ್ತು. ಇವತ್ತು ಮೊದಲ ಸುತ್ತಿನಲ್ಲಿ ಗಾಡಿ ಒಂದೇ ಉಸಿರಿಗೆ ಗುಡ್ಡ ಹತ್ತಿ ಎಲ್ಲರನ್ನೂ ಹಿಂದೆ ಹಾಕಿತು. ಮೈಕ್ ಹಿಡಿದವನು ಓಡಿ ಬಂದ.

"ಭಲೇ! ಯಾರಪ್ಪಾ ಟ್ಯೂನ್ ಮಾಡಿದ್ದು?"

ಈ ಮಹಾರಾಯ "ನಾನೇ" ಅಂದುಬಿಟ್ಟ! ಮೈಕಿನವನು ನನ್ನ ಕಡೆ ತಿರುಗಿ, "ನೀವೇನಮ್ಮಾ, ಕಾಫಿ ಕಾಯಿಸೋಕೆ ಬಂದೋರಾ?" ಅಂತ ನಕ್ಕ.

ಅವರೆದುರೇ ಕ್ಲಚ್ಚಿನ ಮುಚ್ಚಳ ಬಿಚ್ಚಿ, ಸ್ಪ್ರಿಂಗ್ ತೆಗೆದು ಜೇಬಿಗೆ ಹಾಕಿಕೊಂಡೆ. "ಈಗ ನೀನೇ ಹೊಂದಿಸ್ಕೊಳಪ್ಪಾ" ಅಂದೆ ತಮ್ಮನಿಗೆ.

"ಅಕ್ಕಾ, ಫೈನಲ್‌ಗೆ ಅರ್ಧ ಗಂಟೆನೂ ಇಲ್ಲ ಕಣೇ!"

"ಹಾಗಾದ್ರೆ ಮೈಕಲ್ಲಿ ನಿಜ ಹೇಳು."

ಕೆಂಪಗಾದ, ತೊದಲಿದ, ಕೊನೆಗೆ ಹೇಳಿದ. ನೆರೆದವರೆಲ್ಲ ಕೇಳಿಸಿಕೊಂಡರು. ಆಮೇಲೆ ಸ್ಪ್ರಿಂಗ್ ಮತ್ತೆ ಕೂರಿಸಿದೆ. ಫೈನಲ್‌ನಲ್ಲಿ ಎರಡನೆಯವನಾಗಿ ಬಂದ. ಆದರೂ ನನ್ನ ಸಿಟ್ಟು ಇಳಿದಿಲ್ಲ. ಮೂರು ವಾರದ ಕೆಲಸವನ್ನು ಒಂದು ಮಾತಲ್ಲಿ ನುಂಗಲು ಹೊರಟಿದ್ದನಲ್ಲ!

ಬಿಸಿ ಕ್ಲಚ್ ತಾಗಿ ಎರಡು ಬೆರಳು ಸುಟ್ಟಿವೆ. ಮುಲಾಮು ಹಚ್ಚಿದ್ದೇನೆ, ಗಾಬರಿಯಾಗಬೇಡ. ಸೋಮವಾರ ಮನೆಯಲ್ಲಿರುತ್ತೇವೆ. ನಾಲ್ಕು ಜನ ಸವಾರರು ತಮ್ಮ ಗಾಡಿಗಳ ಬಾನೆಟ್ ಎತ್ತಿ ನನಗಾಗಿ ಕಾಯುತ್ತಿದ್ದಾರೆ. ಪಾನಾ ಪೆಟ್ಟಿಗೆ ಹೊತ್ತುಕೊಂಡು ಮಿಕ್ಕಾಲ ನನ್ನ ಹಿಂದೆ ನಿಂತಿದ್ದಾನೆ. ಹೊರಟೆ.

ರವ್ನಾ