ತಪಾಸಣೆಯ ದಿನದ ರಜೆ

ಮೇಷ್ಟ್ರಿಗೆ ನಮಸ್ಕಾರ.

ಮೊದಲು 'ಪೂಜ್ಯ' ಎಂದು ಬರೆದಿದ್ದೆ. ಆಮೇಲೆ ಆ ಹಾಳೆಯನ್ನೇ ಹರಿದು ಹಾಕಿದೆ. ಇಪ್ಪತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕೈಗೆ ಹಾಳೆ ಹರಿಯುವುದು ಕಷ್ಟವಲ್ಲ.

ನಿಮಗೆ ನನ್ನ ಗುರುತು ಸಿಗಲಿಲ್ಲ. ಕಳೆದ ಸೋಮವಾರ ಆರನೇ ತರಗತಿಗೆ ಭಿನ್ನರಾಶಿಯ ಪಾಠ ಮಾಡಿದ, ತಲೆ ಅರ್ಧ ನರೆತ ಬಿ.ಎಡ್. ವಿದ್ಯಾರ್ಥಿ ನಾನೇ. ನೀವು ವಿಶ್ವವಿದ್ಯಾಲಯದ ಕಡೆಯಿಂದ ಪರೀಕ್ಷಕರಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತು ಅಂಕ ಕೊಟ್ಟಿರಿ. ಮೂವತ್ಮೂರು ವರ್ಷದ ಹಿಂದೆ ಅಂಥದ್ದೇ ಬೆಂಚಿನಲ್ಲಿ ನಾನು ಕೂತಿದ್ದೆ, ನೀವು ಬೋರ್ಡಿನ ಮುಂದೆ ನಿಂತಿದ್ದಿರಿ.

ನೆನಪಿರಲಿಕ್ಕಿಲ್ಲ, ಹೇಳುತ್ತೇನೆ. ಶಾಲೆಗೆ ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ನನ್ನನ್ನು ವರಾಂಡಕ್ಕೆ ಕರೆದು "ನಾಳೆ ನೀನು ಬರ್ಬೇಡ" ಎಂದಿರಿ. "ನಾಡಿದ್ದು ಬರ್ಲಾ ಸಾರ್?" ಎಂದು ಕೇಳಿದೆ. "ಬಂದ್ರೂ ಅಷ್ಟೆ, ಬರದಿದ್ರೂ ಅಷ್ಟೆ" ಎಂದು ಒಳಗೆ ಹೋದಿರಿ. ಇಡೀ ತರಗತಿಯಲ್ಲಿ ನನಗೊಬ್ಬನಿಗೇ ರಜೆ ಎಂದು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಓಡಿದೆ. ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಕೇಳಿ ಇಸ್ತ್ರಿ ನಿಲ್ಲಿಸಿ, "ಓದೋಕೆ ಬರ್ದೇ ಇರೋ ಮಕ್ಕಳನ್ನ ಬಚ್ಚಿಡ್ತಾರೆ ಕಣೋ" ಎಂದು ನನ್ನ ಶಾಲೆಯ ಅಂಗಿಯನ್ನು ಮಡಿಸಿ ಪೆಟ್ಟಿಗೆಯೊಳಗಿಟ್ಟಳು. ಅದು ಮತ್ತೆ ಹೊರಗೆ ಬರಲಿಲ್ಲ. ಹುಡುಗ ಎಲ್ಲಿ ಹೋದ ಎಂದು ನೀವೂ ಕೇಳಿ ಕಳಿಸಲಿಲ್ಲ.

ಬಸ್ ನಿಲ್ದಾಣದಲ್ಲಿ ಬಸ್ಸುಗಳ ಬೋರ್ಡು ಓದುತ್ತಾ ಅಕ್ಷರ ಕೂಡಿಸಿದೆ. ಪರೀಕ್ಷೆಗಳನ್ನು ಖಾಸಗಿಯಾಗಿ ಕಟ್ಟಿ ಕಂಡಕ್ಟರ್ ಆದೆ, ಅಂಚೆಯ ಪಾಠಗಳಿಂದ ಡಿಗ್ರಿ ಮಾಡಿಕೊಂಡೆ. ನಲವತ್ಮೂರಕ್ಕೆ ಕೆಲಸ ಬಿಟ್ಟು ಶಿಕ್ಷಕರ ತರಬೇತಿಗೆ ಸೇರಿದಾಗ ಹೆಂಡತಿ, "ಇಷ್ಟು ವರ್ಷ ನಿಂತಿದ್ದು ಸಾಲ್ದಾ? ಇನ್ಮೇಲೆ ಪಾಠಾನೂ ನಿಂತೇ ಮಾಡ್ಬೇಕಾ?" ಎಂದಳು. ಸಹಪಾಠಿಗಳಿಗೆ ನನ್ನ ಮಗಳ ವಯಸ್ಸು. ನಾನು ಒಳಗೆ ಕಾಲಿಟ್ಟರೆ "ರೈಟ್, ರೈಟ್!" ಎಂದು ಕೂಗುತ್ತಿದ್ದರು. ನಗುತ್ತಲೇ ಒಳಗೆ ಹೋಗುತ್ತಿದ್ದೆ. ಯಾವ ಮಗುವಿಗೂ ನಿಮ್ಮಂಥ ಮೇಷ್ಟ್ರು ಸಿಗಬಾರದು ಎಂಬ ಒಂದೇ ಹಠಕ್ಕೆ ಬಂದವನು, ನಕ್ಕವರಿಗೆ ಹೆದರಲೇ?

ಅಭ್ಯಾಸ ಪಾಠಕ್ಕೆ ಕೊಟ್ಟ ತರಗತಿಯಲ್ಲಿ ಮೂವತ್ತೆಂಟು ತಲೆ. ಕಂಡಕ್ಟರನ ಚಾಳಿ, ಬಾಗಿಲಲ್ಲಿ ನಿಂತು ಎಣಿಸದೆ ಪಾಠ ಶುರು ಮಾಡಲಾರೆ. ಮೂವತ್ತೆಂಟನೆಯವಳು ಗೋಡೆಗೊರಗಿ ಕೂರುತ್ತಿದ್ದ ಹುಡುಗಿ. ಎರಡು ಸಾಲು ಓದುವಷ್ಟರಲ್ಲಿ ಬೆವರುತ್ತಿದ್ದಳು, ಆದರೂ ಪ್ರತಿ ಪ್ರಶ್ನೆಗೂ ಕೈ ಎತ್ತುತ್ತಿದ್ದಳು, ಉತ್ತರ ತಪ್ಪೇ. ಊಟದ ಬಿಡುವಿನಲ್ಲಿ ಅವಳನ್ನು ಕೂರಿಸಿಕೊಂಡು ಹಳೇ ಪತ್ರಿಕೆಯನ್ನು ಮಡಿಸಿ ಅರ್ಧ, ಕಾಲು ಹೇಳಿಕೊಟ್ಟೆ. ತರಗತಿಯ ಮೇಡಂ, "ನಿಮ್ಮ ಪರೀಕ್ಷೆ ದಿನ ಅವಳನ್ನ ಬರ್ಬೇಡ ಅಂದ್ಬಿಡಿ, ಎಲ್ರೂ ಹಾಗೇ ಮಾಡೋದು" ಎಂದಾಗ ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದೆ.

ಶನಿವಾರ ನೋಟೀಸ್ ಬೋರ್ಡಿನಲ್ಲಿ ಪರೀಕ್ಷಕರ ಹೆಸರು ಹಾಕಿದರು. ನಿಮ್ಮ ಹೆಸರನ್ನು ಎರಡು ಸಲ ಓದಿದೆ. ಫೇಲಾದರೆ ಇನ್ನೊಂದು ವರ್ಷ. ಅದಕ್ಕೆ ಮನೆಯಲ್ಲಿ ತ್ರಾಣವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಕಣ್ಣಿನಲ್ಲಿ ಎರಡನೇ ಸಲ ದಡ್ಡನಾಗಲು ನಾನು ತಯಾರಿರಲಿಲ್ಲ. ಅವಳನ್ನು ವರಾಂಡಕ್ಕೆ ಕರೆದೆ. "ಸೋಮವಾರ ಬರ್ಬೇಡಮ್ಮ" ಎಂದೆ. "ಮಂಗಳವಾರ ಬರ್ಲಾ ಸಾರ್?" ಎಂದಳು. "ಬಾರಮ್ಮ, ಖಂಡಿತ ಬಾ" ಎಂದೆ. ನಿಮಗಿಂತ ಒಳ್ಳೆಯ ಮಾತಾಡಿದೆನೆಂದು ಸಮಾಧಾನ ಮಾಡಿಕೊಂಡೆ. ಬೆಣ್ಣೆ ಸವರಿದರೆ ಚೂರಿ ಕುಯ್ಯುವುದಿಲ್ಲವೇ?

ಸೋಮವಾರ ಮೂವತ್ತೇಳು ತಲೆ. ಕೇಳಿದ್ದಕ್ಕೆಲ್ಲ ಸರಿಯುತ್ತರ. ಪಾಠ ಮುಗಿದ ಮೇಲೆ ನೀವು ಎದ್ದು ಬಂದು ಬೆನ್ನು ತಟ್ಟಿದಿರಿ. "ಒಬ್ರೂ ತಪ್ಪು ಹೇಳ್ಲಿಲ್ಲ ನೋಡಿ! ನಿಮಗೆ ಒಳ್ಳೆ ಮೇಷ್ಟ್ರು ಸಿಕ್ಕಿರ್ಬೇಕು" ಎಂದಿರಿ. ಸಿಕ್ಕಾಗ ನಿಮ್ಮ ಮುಖಕ್ಕೇ ಹೇಳಬೇಕೆಂದು ಮೂವತ್ಮೂರು ವರ್ಷದಿಂದ ಕಾದಿಟ್ಟಿದ್ದ ಮಾತುಗಳಿದ್ದವು. ಯಾವ ಬಾಯಲ್ಲಿ ಹೇಳಲಿ? "ಹೌದು ಸಾರ್" ಎಂದು ಕೈ ಮುಗಿದೆ.

ಮಂಗಳವಾರ ಮೂವತ್ತೇಳು. ಬುಧವಾರ, ಗುರುವಾರವೂ ಅಷ್ಟೇ. ಇವತ್ತು ಸಂಜೆ ಹಾಜರಿ ಪುಸ್ತಕದಿಂದ ವಿಳಾಸ ಬರೆದುಕೊಂಡು ಅವಳ ಮನೆಗೆ ಹೋದೆ. ಹುಡುಗಿ ಒಳಗಿದ್ದಳು, ಹೊರಗೆ ಬರಲಿಲ್ಲ. ಅವಳ ಅಮ್ಮ ಬಾಗಿಲಿಗೆ ಅಡ್ಡ ನಿಂತು ಒಂದೇ ಮಾತು ಕೇಳಿದಳು: "ಇನ್ನೊಂದ್ಸಲ ಯಾರಾದ್ರೂ ದೊಡ್ಡೋರು ಬಂದ್ರೆ ಇವಳನ್ನ ಎಲ್ಲಿ ಬಚ್ಚಿಡ್ತೀರಿ ಸಾರ್?"

ಮೇಷ್ಟ್ರೇ, ನಿಮ್ಮ ಸಹಿ ಇರುವ ಅಂಕಪಟ್ಟಿ ಜೇಬಿನಲ್ಲಿತ್ತು.

ನಾಳೆ ಮತ್ತೆ ಹೋಗುತ್ತೇನೆ, ನಾಡಿದ್ದೂ ಹೋಗುತ್ತೇನೆ. ನೀವು ನಮ್ಮ ಬಾಗಿಲಿಗೆ ಬಂದವರಲ್ಲ. ಸದ್ಯಕ್ಕೆ ನಿಮಗೂ ನನಗೂ ಇರುವ ವ್ಯತ್ಯಾಸ ಅಷ್ಟೇ.

ದೇವರು ನಿಮಗೆ ಆಯುಸ್ಸು ಕೊಡಲಿ, ಕಣ್ಣು ಚುರುಕಾಗಿರಲಿ. ಮುಂದಿನ ಸಲ ಯಾವುದಾದರೂ ತರಗತಿಗೆ ಅಂಕ ಕೊಡಲು ಹೋದಾಗ, ದಯವಿಟ್ಟು ಮೊದಲು ತಲೆ ಎಣಿಸಿ.

ಇಂತಿ,
ಗುರುವಿಗೆ ತಕ್ಕ ಶಿಷ್ಯ