ಐಲಿ ಅಕ್ಕನ ದುರ್ಬೀನು

ಡುಲೂತ್, ಮಿನೆಸೋಟ
ಜುಲೈ 29, ಸೋಮವಾರ

ಪ್ರೀತಿಯ ಐಲಿ ಅಕ್ಕಾ,

ಹೇಗಿದ್ದೀಯೆ? ತಲೆನೋವು ಬಿಟ್ಟಿತೇ? ಟೂಸಾನಿನ ಬಿಸಿಲಿಗೆ ನಿನ್ನ ಮಂಡಿನೋವು ಕಡಿಮೆಯಾಗಿದೆಯೆಂದು ನಿನ್ನ ಮಗಳು ಮಾರ್ಲಿಸ್ ಫೋನಿನಲ್ಲಿ ಹೇಳಿದಳು. "ಅಮ್ಮನ್ನ ಕರೀಲಾ ಮಾವ?" ಎಂದಾಗ, ಒಲೆಯ ಮೇಲೆ ಕಾಫಿ ಉಕ್ಕುತ್ತಿದೆಯೆಂದು ಹೇಳಿ ಫೋನು ಇಟ್ಟುಬಿಟ್ಟೆ. ಒಲೆಯನ್ನು ಹಚ್ಚಿಯೇ ಇರಲಿಲ್ಲ. ನಾನು ಗಟ್ಟಿಯಾಗಿದ್ದೇನೆ. ಸರೋವರದ ಮಂಜು ಮಧ್ಯಾಹ್ನವಾದರೂ ಕರಗುತ್ತಿಲ್ಲ. ನಿನ್ನ ಹಾಗೆ ಏಲಕ್ಕಿ ಬ್ರೆಡ್ಡು ಮಾಡಲು ಹೋಗಿ ಕಲ್ಲು ಮಾಡಿದೆ, ಕಡಲಹಕ್ಕಿಗಳೂ ಮೂಸಲಿಲ್ಲ.

ಸುತ್ತಿ ಬಳಸಿದ್ದು ಸಾಕು. ಮಗಳ ಮನೆಗೆ ಹೋಗುವಾಗ ನೀನು ದುರ್ಬೀನನ್ನು ನನ್ನ ಬಾಗಿಲ ಮೊಳೆಗೆ ನೇತುಹಾಕಿ, "ಇದು ನಿಂಗೇ ಇರ್ಲಿ ರೇನೊ, ನನ್ನ ಕಣ್ಣಿನ ಕಥೆ ಮುಗೀತು" ಎಂದೆಯಲ್ಲ, ಹತ್ತು ತಿಂಗಳು ಅದನ್ನು ಮುಟ್ಟಿರಲಿಲ್ಲ. ಈ ತಿಂಗಳ ಮೊದಲಲ್ಲಿ ಕೆಳಗಿಳಿಸಿ, ದೂರದ ಬೀದಿಯ ಕರೆಂಟು ತಂತಿಯತ್ತ ಹಿಡಿದು, ಕಣ್ಣಿನಿಂದ ಮೆಲ್ಲಗೆ ದೂರ ಸರಿಸಿ ನೋಡಿದೆ. ಎಡಗಾಜಿನಲ್ಲಿ ತಂತಿ ಮೇಲೆ, ಬಲಗಾಜಿನಲ್ಲಿ ಕೆಳಗೆ. ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿಲ್ಲ ಅಕ್ಕಾ! ಹುಟ್ಟಿದಾಗಿನಿಂದಲೇ ಸೊಟ್ಟ ಅದು. ದಿನವಿಡೀ ನಿನ್ನ ಕಣ್ಣುಗಳು ಎರಡು ಚಿತ್ರಗಳನ್ನು ಎಳೆದು ಒಂದು ಮಾಡುತ್ತಿದ್ದವು, ಸಂಜೆಯಾಗುವಾಗ ಸೋಲುತ್ತಿದ್ದವು. ನಾನೂ ಎರಡು ಗಂಟೆ ಅದರಲ್ಲೇ ನೋಡಿದೆ. ಕೆಳಗಿಟ್ಟ ಮೇಲೂ ಅಡುಗೆಮನೆಯ ಗಡಿಯಾರ ಎರಡಾಗಿ ಕಾಣುತ್ತಿತ್ತು. ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ.

ಒಂದು ನಿಮಿಷದ ಪರೀಕ್ಷೆ ಇದು. ಇಪ್ಪತ್ತು ವರ್ಷದಿಂದ ನಮ್ಮ ಹಕ್ಕಿ ನೋಡುವವರ ಸಂಘದ ಹೊಸಬರಿಗೆ ಹೇಳುತ್ತಲೇ ಇದ್ದೇನೆ, ದುರ್ಬೀನು ಕೊಳ್ಳುವಾಗ ಒಂದೇ ಮಾದರಿಯ ಮೂರು ಪೆಟ್ಟಿಗೆ ಬಿಚ್ಚಿಸಿ, ಒಂದರ ಹಾಗೆ ಒಂದಿರುವುದಿಲ್ಲ, ಹೊಗಳಿ ಬರೆದವನು ಕೊಂಡು ಬರೆದನೋ ಬಿಟ್ಟಿಗೆ ಸಿಕ್ಕಿದ್ದಕ್ಕೆ ಬರೆದನೋ ಕೇಳಿ ಎಂದು. ನಾನು ಮಾಡಿದ್ದೇನು? ಕಂಪನಿಯವರು ನನಗೆಂದೇ ಆರಿಸಿ ಕಳಿಸಿದ್ದನ್ನು ಜಗುಲಿಯಲ್ಲಿ ಕೂತು ಅರ್ಧ ಗಂಟೆ ನೋಡಿ, "ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು" ಎಂದು ಸಂಘದ ಪತ್ರಿಕೆಯಲ್ಲಿ ಬರೆದೆ. ತಮ್ಮನ ಮಾತೆಂದು ನೀನೂ ಅದೇ ಮಾದರಿಯದನ್ನು ತರಿಸಿಕೊಂಡೆ.

ಆಮೇಲೆ ಗುಡ್ಡದ ಮೇಲಿನ ಆ ಸಂಜೆ. ವಲಸೆ ಹಕ್ಕಿಗಳ ಎಣಿಕೆಯ ಕುರ್ಚಿಯಲ್ಲಿ ನಿನಗದು ಹದಿನೇಳನೆಯ ವರ್ಷ. "ಎರಡು ಹದ್ದು, ದೀಪಸ್ತಂಭದ ಮೇಲ್ಗಡೆ" ಎಂದೆ ನೀನು. ಇದ್ದದ್ದು ಒಂದೇ. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಒಂದೇ ಕಣೇ ಅಕ್ಕಾ! ಫ್ಲಾಸ್ಕಲ್ಲಿ ಕಾಫೀನೇ ತಾನೆ ತಂದಿರೋದು?" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಸಂಘದ ಆರ್ವಿಡ್ ಅಂತೂ ಹೊಟ್ಟೆ ಹಿಡಿದುಕೊಂಡ. ನೀನು ಎಣಿಕೆಯ ಪುಸ್ತಕದಲ್ಲಿ ಎರಡನ್ನು ಹೊಡೆದು ಒಂದೆಂದು ತಿದ್ದಿದೆ. ಮರುದಿನ ಬರಲಿಲ್ಲ, ಕಣ್ಣು ಕೆಟ್ಟಿತೆಂದು ಕಾರು ಓಡಿಸುವುದನ್ನೂ ಬಿಟ್ಟೆ. ಅದನ್ನು ನೆನೆದರೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ. ಗುಡ್ಡದವರ ಎದುರು ತಲೆ ಎತ್ತಲಾಗುತ್ತಿಲ್ಲ.

ಮಾರ್ಲಿಸ್‌ಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ಬಿಸಿಲಿಗೆ ಟೋಪಿ ಹಾಕಿಕೋ.

ನಿನ್ನ ತಮ್ಮ,
ರೇನೊ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಂಚೆಯವಳ ಗಾಡಿ ಆಗಲೇ ತಿರುವಿನಲ್ಲಿದೆ. ನೀನು ತರಿಸುವ ಮೂರು ವಾರ ಮೊದಲೇ ಇಬ್ಬರು ನನಗೆ ಬರೆದಿದ್ದರು, ಇದೇ ದುರ್ಬೀನು, ಇದೇ ತಲೆನೋವು ಎಂದು. ನನ್ನ ಮಾತು ಸುಳ್ಳಾಗುತ್ತದೆಂದು ಆ ಪತ್ರಗಳನ್ನು ಅಚ್ಚಿಗೆ ಕೊಡಲಿಲ್ಲ. ಆ ಸಂಜೆ ನೀನು ಎರಡು ಎಂದಾಗ ಅವು ನೆನಪಿಗೆ ಬಂದವು, ಅಕ್ಕಾ. ಬಂದವು, ಆದರೂ ನಕ್ಕೆ. ಈ ತಿಂಗಳ ಪತ್ರಿಕೆಯಲ್ಲಿ ಎಲ್ಲವನ್ನೂ ನನ್ನ ಹೆಸರಿನಲ್ಲೇ ಹಾಕಿಸಿದ್ದೇನೆ. ಎಣಿಕೆ ಆಗಸ್ಟ್ ಹದಿನೈದಕ್ಕೆ ಶುರು, ಕುರ್ಚಿಗೆ ಇನ್ನೂ ಯಾರನ್ನೂ ಗೊತ್ತು ಮಾಡಿಲ್ಲ. ನೀನು ಬಾ. ನಾನು ಗುಡ್ಡ ಹತ್ತಬಾರದೆಂದರೆ ಹತ್ತುವುದಿಲ್ಲ.