ಇಳಿಸಬೇಕಾದ ಒಂಬತ್ತು ಕಿಲೋ

ಫೆಬ್ರವರಿ 4, ಮಂಗಳವಾರ

ಸಂಜೆ ಆರರ ಡಯಾಲಿಸಿಸ್ ಚೀಲ ಬದಲಾಯಿಸಿದ್ದಾಯಿತು. ನೀರು ತಿಳಿಯಾಗಿಯೇ ಬಂತು. ತಮ್ಮ ನಿಪೋನ್ ಮಲಗಿಕೊಂಡು ಟಿವಿಯಲ್ಲಿ ಬಾಕ್ಸಿಂಗ್ ನೋಡುತ್ತಿದ್ದಾನೆ. ಅವನ ಹೊಟ್ಟೆಗೆ ಟ್ಯೂಬ್ ಹಾಕಿ ಎರಡು ವರ್ಷ. ದಿನಕ್ಕೆ ನಾಲ್ಕು ಸಲ ದ್ರಾವಣ ಒಳಗೆ, ನಾಲ್ಕು ಸಲ ಹೊರಗೆ — ಅವನ ಕಿಡ್ನಿ ಮಾಡಬೇಕಿದ್ದ ಕೆಲಸ.

ನನ್ನದೊಂದು ಕಿಡ್ನಿ ಅವನಿಗೆ ಕೊಡುವ ವಿಷಯಕ್ಕೆ ಡಾಕ್ಟರ್ ಇವತ್ತು ಸಹ ಹಳೆಯ ಮಾತನ್ನೇ ಹೇಳಿದರು. ನನ್ನ ರಕ್ತ ಹೊಂದುತ್ತದೆ. ಕಿಡ್ನಿ ಹೊಂದುತ್ತದೆ. ನಾನೇ ಹೊಂದುವುದಿಲ್ಲ. ಎಂಬತ್ತೊಂದು ಕಿಲೋ, ಮೇಲೆ ಬಿ.ಪಿ. ಬೇರೆ.

"ಎಪ್ಪತ್ತೆರಡಕ್ಕೆ ಇಳಿಸ್ಕೊಂಡು ಬನ್ನಿ. ಮೇ ಒಳಗೆ ಆದ್ರೆ ಒಳ್ಳೇದು. ನಿಮ್ಮ ತಮ್ಮನ ಹೃದಯ ಬಹಳ ದಿನ ತಡೆಯಲ್ಲ."

ಪಿಂಗಾಣಿ ಫ್ಯಾಕ್ಟರಿಯಲ್ಲಿ ಬಟ್ಟಲುಗಳ ಮೇಲೆ ಹುಂಜದ ಚಿತ್ರ ಬರೆಯುವ ಕೆಲಸ ನನ್ನದು. ಇಪ್ಪತ್ತಾರು ವರ್ಷ ಒಂದೇ ಸ್ಟೂಲು. ತೂಕ ಬರದೆ ಇನ್ನೇನು?

"ಅಕ್ಕ, ದೇಚಾ ಮೇಷ್ಟ್ರ ಹತ್ರ ಹೋಗು" ಅಂದ ನಿಪೋನ್. "ಹೆಂಗಸ್ರಿಗೆ ಬೆಳಿಗ್ಗೆ ಕಿಕ್‌ಬಾಕ್ಸಿಂಗ್ ಹೇಳ್ಕೊಡ್ತಾರಂತೆ, ತೂಕ ಇಳಿಸೋಕೆ. ಒದೆಯೋದು ನಿನಗೇನು ಹೊಸದಾ? ಚಿಕ್ಕವನಿದ್ದಾಗ ನನ್ನ ಎಷ್ಟು ಒದ್ದಿಲ್ಲ!"

ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ಐದೂವರೆ. ತಗಡಿನ ಮಾಡು, ಗೋಡೆಯಿಲ್ಲ. ಒಂಬತ್ತು ಹೆಂಗಸರು. ಎಲ್ಲರೂ ನನಗಿಂತ ತೆಳ್ಳಗೆ. ಸೀನುವಾನ್ ಟೀಚರ್ ಕೂಡ — ರಿಟೈರಾದವರು, ಅರವತ್ತೊಂದು ವಯಸ್ಸು.

ಮೊದಲು ಹಗ್ಗ ಜಿಗಿಯುವುದು, ಮೂರು ನಿಮಿಷ. ನಾನು ನಲವತ್ತು ಸೆಕೆಂಡಿಗೆ ಕುಸಿದೆ. ಕೈಗೆ ಪಟ್ಟಿ ಸುತ್ತಿಕೊಳ್ಳುವುದನ್ನು ಟೀಚರೇ ತೋರಿಸಿಕೊಟ್ಟರು. ಆಮೇಲೆ ನೇತುಹಾಕಿದ ಮರಳಿನ ಚೀಲಕ್ಕೆ ಹೊಡೆಯುವುದು. ಎಡಗೈ, ಬಲಗೈ, ಒದೆ. ಎಡಗೈ, ಬಲಗೈ, ಒದೆ. ಪ್ರತಿ ಹೊಡೆತಕ್ಕೂ ಉಸಿರು ಹೊರಗೆ ಬಿಡಬೇಕಂತೆ. ನನ್ನಲ್ಲಿ ಉಸಿರೇ ಇರಲಿಲ್ಲ.

"ಲಮುನ್ ಅಕ್ಕ, ನೀವು ಹೊಡೀತಿಲ್ಲ, ಚೀಲಾನ ತಟ್ಟಿ ಮಲಗಿಸ್ತಿದ್ದೀರಿ" ಅಂದರು ದೇಚಾ ಮೇಷ್ಟ್ರು. ಎಲ್ಲರೂ ನಕ್ಕರು. ಬೇಲಿ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಮೇಷ್ಟ್ರು ನೀರು ತಂದುಕೊಟ್ಟರು.

"ನಾಳೆ ಬರಲ್ಲ ಅಲ್ವಾ?"

"ಬರ್ತೀನಿ."

"ಹಂಗಂದೋರು ಯಾರೂ ಬರಲ್ಲ."

ಫೆಬ್ರವರಿ 7

ಹೋದೆ.

ಫೆಬ್ರವರಿ 23, ಭಾನುವಾರ

ಎಪ್ಪತ್ತೆಂಟೂವರೆ. ಕಾಲಿನ ಮುಂಭಾಗವೆಲ್ಲ ನೀಲಿ. ಹೊಡೆದು ಹೊಡೆದು ತೋಳು ಹಿಡಿದುಕೊಂಡಿದೆ, ಕುಂಚ ನೆಟ್ಟಗೆ ಓಡುವುದಿಲ್ಲ. ಈ ವಾರದ ಹುಂಜಗಳ ಬಾಲವೆಲ್ಲ ಗಾಳಿಗೆ ಸಿಕ್ಕಂತಿದೆ. ಸೂಪರ್‌ವೈಸರ್ ಎರಡು ಟ್ರೇ ವಾಪಸ್ ಕಳಿಸಿದಳು.

ಆದರೂ ಇಂದು ಸೊಂಟ ತಿರುಗಿತು. ಒದೆ ಚೀಲಕ್ಕೆ ಬಿದ್ದಾಗ ದೊಡ್ಡ ಸದ್ದಾಯಿತು. ಮೇಷ್ಟ್ರು ತಿರುಗಿ ನೋಡಿದರು. "ಇದು ಒದೆ!" ಅಂದರು. ಮನೆಗೆ ಬಂದು ಹೇಳಿದೆ. ನಿಪೋನ್ ಹಾಸಿಗೆಯಲ್ಲೇ ಎದ್ದು ಕೂತು ನನ್ನ ಕೈ ಮೇಲೆತ್ತಿ, ಗೆದ್ದವರು ಇವರೇ ಎಂದು ಸಾರಿದ. ಅವನ ಕಾಲು ಊದಿದೆ.

ಮಾರ್ಚ್ 19

ಕಾಡಿಗೆ ಬೆಂಕಿ. ಊರೆಲ್ಲ ಹೊಗೆ, ಬೆಟ್ಟ ಕಾಣುವುದಿಲ್ಲ. ಕ್ಲಾಸ್ ನಿಂತು ಹನ್ನೆರಡು ದಿನ. ಕಿಟಕಿ ಮುಚ್ಚಿಕೊಂಡು ಅಡುಗೆಮನೆಯಲ್ಲೇ ಗಾಳಿಗೆ ಹೊಡೆಯುತ್ತೇನೆ. ಕೆಳಗಿನ ಮನೆಯವರು ಬೈಯುತ್ತಾರೆ. ಎಪ್ಪತ್ತೇಳು ಇದ್ದದ್ದು ಎಪ್ಪತ್ತೇಳು ಮುಕ್ಕಾಲು. ಅನ್ನ ಬಿಟ್ಟೆ.

ಏಪ್ರಿಲ್ 5, ಶನಿವಾರ

ಮಳೆ ಬಂತು, ಕ್ಲಾಸ್ ಶುರು. ಎಪ್ಪತ್ತೈದು. ಐದು ರೌಂಡ್ ನಿಲ್ಲದೆ ಮಾಡಿದೆ. ಬಿ.ಪಿ. ಕೂಡ ಇಳಿದಿದೆ. ಡಾಕ್ಟರ್ ಮೊದಲ ಸಲ ನಕ್ಕರು. ಆದರೆ ನಿಪೋನ್ ಕಡೆ ನೋಡಿದಾಗ ನಗು ಉಳಿಯಲಿಲ್ಲ.

ಏಪ್ರಿಲ್ 16, ಬುಧವಾರ

ಹೊಸವರ್ಷದ ಹಬ್ಬದ ರಜ ಮುಗಿಯಿತು. ಕ್ಲಾಸ್ ತಡವಾಗಿ ಬಿಟ್ಟಿತು. ಓಡುತ್ತ ಬಂದು, ನಾನೇ ಅವನ ಬೆಳಗಿನ ಚೀಲ ಬದಲಾಯಿಸಿ, ಮತ್ತೆ ಓಡುತ್ತ ಫ್ಯಾಕ್ಟರಿಗೆ. ಎಪ್ಪತ್ಮೂರು ಮುಕ್ಕಾಲು!

ಏಪ್ರಿಲ್ 18, ಶುಕ್ರವಾರ

ಚೀಲದ ನೀರು ಕಲಗಚ್ಚಿನಂತೆ ಬಂತು. ಅವನಿಗೆ ಹೊಟ್ಟೆನೋವು, ಚಳಿ. ಆಸ್ಪತ್ರೆಗೆ ಸೇರಿಸಿದೆ. ನಂಜಾಗಿದೆ. "ಚೀಲ ಬದಲಾಯಿಸೋವಾಗ ಕೈ ಸರಿಯಾಗಿ ತೊಳೀತೀರಲ್ಲ?" ಎಂದು ನರ್ಸ್ ಕೇಳಿದಳು. ಎಲ್ಲರಿಗೂ ಕೇಳುವ ಪ್ರಶ್ನೆಯೇ.

ಹೌದು ಅಂದೆ.

ಬುಧವಾರ ಬೆಳಿಗ್ಗೆ... ಬಾಗಿಲು ತೆಗೆದದ್ದು ನೆನಪಿದೆ. ಬೆವರು ಒರೆಸಿಕೊಂಡದ್ದು ನೆನಪಿದೆ. ನಲ್ಲಿ ತಿರುಗಿಸಿದ್ದು ನೆನಪಿಲ್ಲ.

ಏಪ್ರಿಲ್ 27

ನಂಜು ರಕ್ತಕ್ಕೆ ಏರಿದೆ. ಟ್ಯೂಬ್ ತೆಗೆದರು. ಈಗ ಮೆಷಿನ್ನಿನಲ್ಲಿ ರಕ್ತ ಶುದ್ಧಿ. ಒಂದೊಂದು ಸಲವೂ ಅವನ ಬಿ.ಪಿ. ಕುಸಿಯುತ್ತದೆ.

ಕ್ಲಾಸಿಗೆ ಹೋಗುತ್ತಿದ್ದೇನೆ. ಯಾಕೆಂದು ಗೊತ್ತಿಲ್ಲ. ಇಂದು ಚೀಲಕ್ಕೆ ಹೊಡೆಯುತ್ತ ಹೊಡೆಯುತ್ತ ನಿಲ್ಲಿಸಲಾಗಲಿಲ್ಲ. ಗಂಟೆ ಬಾರಿಸಿದ್ದು ಕೇಳಲೇ ಇಲ್ಲ. ಮೇಷ್ಟ್ರು ಬಂದು ಎರಡೂ ಕೈ ಹಿಡಿದುಕೊಂಡರು. ಸೀನುವಾನ್ ಟೀಚರ್ ಪಟ್ಟಿ ಬಿಚ್ಚಿದರು. ಬೆರಳ ಗೆಣ್ಣುಗಳಲ್ಲಿ ರಕ್ತ.

ಮೇ 6, ಮಂಗಳವಾರ

ಎಪ್ಪತ್ತೆರಡಕ್ಕಿಂತ ನೂರು ಗ್ರಾಂ ಕಡಿಮೆ. ತಕ್ಕಡಿ ಮೇಲೆ ಎರಡು ಸಲ ನಿಂತು ನೋಡಿದೆ. ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಮುಂದಿಟ್ಟೆ.

ಅವರು ಚೀಟಿ ಕೈಗೆತ್ತಿಕೊಂಡರು.

"ನೀವು ನಿಮ್ಮ ಕೆಲಸ ಮಾಡಿದ್ದೀರಿ ಲಮುನ್. ಆದ್ರೆ ಅವರ ಹೃದಯದ ಕವಾಟಕ್ಕೂ ನಂಜು ಹತ್ತಿದೆ. ಈ ಸ್ಥಿತೀಲಿ ಆಪರೇಷನ್ ಟೇಬಲ್ ಮೇಲೆ ಮಲಗಿಸೋಕಾಗಲ್ಲ."

"ಆಮೇಲೆ? ವಾಸಿಯಾದ್ಮೇಲೆ?"

ಡಾಕ್ಟರ್ ಚೀಟಿ ವಾಪಸ್ ಕೊಟ್ಟರು.

ಮೇ 8, ಗುರುವಾರ

ಹೇಳಿಬಿಟ್ಟೆ. ಅವತ್ತು ಕೈ ತೊಳೆದೆನೋ ಇಲ್ಲವೋ ಗೊತ್ತಿಲ್ಲ, ತೂಕದ ಗುಂಗಿನಲ್ಲಿದ್ದೆ ಎಂದೆ.

ನಿಪೋನ್ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡ. "ಯಾವತ್ತು? ಹಬ್ಬದ ಮಾರನೇ ಬುಧವಾರಾನಾ? ಅವತ್ತು ನೀನೆಲ್ಲಿ ಬದಲಾಯಿಸಿದೆ ಅಕ್ಕ. ನಿನಗೆ ತಡ ಆಗುತ್ತೆ ಅಂತ ನಾನೇ ಬದಲಾಯಿಸ್ಕೊಂಡೆ. ಕೈ ತೊಳೀದೆ ಇದ್ದೋನು ನಾನು. ಮರೆತೆಯಾ?"

"ಹೂಂ. ಮರೆತೆ."

ಮರೆತಿಲ್ಲ. ಅವನೂ ಮರೆತಿಲ್ಲ. ಅವನಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಇದ್ದ ಉಸಿರನ್ನೆಲ್ಲ ಆ ಸುಳ್ಳಿಗೆ ಖರ್ಚು ಮಾಡಿದ.

ಕಾಲು ಒತ್ತುತ್ತ ಕೂತೆ. ಊತ ಎಷ್ಟಿದೆಯೆಂದರೆ ಬೆರಳೂರಿದ ಗುಳಿ ಹಾಗೇ ಉಳಿಯುತ್ತದೆ.

ಮೇ 11, ಭಾನುವಾರ, ಬೆಳಿಗ್ಗೆ 5.50

ಆಸ್ಪತ್ರೆಯಿಂದ ಫೋನ್. ಬೇಗ ಬನ್ನಿ ಅಂದರು, ಯಾಕೆಂದು ಹೇಳಲಿಲ್ಲ. ದೇಚಾ ಮೇಷ್ಟ್ರಿಗೆ ಹೇಳಿದೆ. ಕ್ಲಾಸ್ ಅರ್ಧಕ್ಕೇ ಬಿಟ್ಟು ಗಾಡಿ ತರುತ್ತಿದ್ದಾರೆ.

ಬೀರು ತೆಗೆದು ಅವನ ನೀಲಿ ಅಂಗಿ ತೆಗೆದುಕೊಂಡೆ. ಇಸ್ತ್ರಿ ಮಾಡಿದೆ. ಮನೆಗೆ ಕಳಿಸುವುದಾದರೆ ಹಾಕಿಕೊಂಡು ಬರಲು ಬೇಕಲ್ಲ. ಇಲ್ಲದಿದ್ದರೂ ಬೇಕು, ಅವನಿಗೆ ಒಳ್ಳೆಯ ಅಂಗಿ ಇದೊಂದೇ...

ಹಾರ್ನ್ ಆಯಿತು. ಒಂದು ಗುಂಡಿ ಸಡಿಲವಾಗಿದೆ, ಹೊಲಿದುಬಿಟ್ಟು —